ಕಾಸು ಕೊಟ್ಟವರಿಗಷ್ಟೇ ಸುದ್ದಿ

1973ರ ಅಕ್ಟೋಬರ್ 30ರ ಮಧ್ಯಾಹ್ನ ನ್ಯೂಯಾರ್ಕಿನ ಡಬ್ಲ್ಯುಬಿಎಐ ಬಾನುಲಿಯಲ್ಲಿ ಹಾಸ್ಯಗಾರ ಜಾರ್ಜ್ ಕಾರ್ಲಿನ್ ಅವರ ಧ್ವನಿಮುದ್ರಿಕೆಯೊಂದು ಪ್ರಸಾರವಾಯಿತು. ಬಾನುಲಿಯಲ್ಲಿ ಆಡಬಾರದ ಬೈಗುಳಗಳೇ ಅದರ ವಸ್ತು. ಮಗನೊಂದಿಗೆ ಕಾರಿನಲ್ಲಿದ್ದ ತಂದೆಯೊಬ್ಬರ ಕಿವಿಗೆ ಅದು ಬಿತ್ತು. ಅವರು ದೂರು ಕೊಟ್ಟರು, ವ್ಯಾಜ್ಯ ಅಮೆರಿಕದ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. 1978ರಲ್ಲಿ 5–4ರ ಬಹುಮತದ ತೀರ್ಪು ಬಂತು: ಬಾನುಲಿ ಕರೆಯದೆಯೇ ಮನೆಯೊಳಗೆ ಬರುತ್ತದೆ, ಓದಲು ಬಾರದ ಮಗುವಿಗೂ ಕೇಳಿಸುತ್ತದೆ, ಆದ್ದರಿಂದ ಪುಸ್ತಕಕ್ಕಿಲ್ಲದ ಕಟ್ಟುಪಾಡು ಅದಕ್ಕಿರಬಹುದು.

ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಅಸಭ್ಯ ಮಾತು ಅಲ್ಲಿ ಇಂದಿಗೂ ನಿಷಿದ್ಧ. 2006ರ ಕಾಯ್ದೆ ಗರಿಷ್ಠ ದಂಡವನ್ನು 3,25,000 ಡಾಲರಿಗೆ ಏರಿಸಿತು. ಚಂದಾ ಕಟ್ಟಿ ಕೇಳುವ ಉಪಗ್ರಹ ರೇಡಿಯೊಗೆ ಮಾತ್ರ ಈ ನಿಯಮ ಅನ್ವಯಿಸುವುದಿಲ್ಲ. ದಂಡದ ಕಾಟದಿಂದ ಬೇಸತ್ತಿದ್ದ ಬಾನುಲಿ ನಿರೂಪಕ ಹೊವಾರ್ಡ್ ಸ್ಟರ್ನ್ ಅದೇ ವರ್ಷದ ಜನವರಿಯಲ್ಲಿ ಸಿರಿಯಸ್ ಎಂಬ ಉಪಗ್ರಹ ರೇಡಿಯೊ ಸೇರಿದ್ದು ಇದಕ್ಕಾಗಿಯೇ. ತಾನಾಗಿ ದುಡ್ಡು ಕೊಟ್ಟು ತರಿಸಿಕೊಂಡವರಿಗೆ ಕರೆಯದೆ ಬಂತೆಂಬ ದೂರು ಇರಲಾರದು. ಈ ತರ್ಕ ನನಗೆ ಒಪ್ಪಿಗೆ.

ನಮ್ಮಲ್ಲಿನ ಗೆರೆ ಬೇರೆ ಕಡೆ ಬಿದ್ದಿದೆ. 2001ರ ಜುಲೈನಲ್ಲಿ ಬೆಂಗಳೂರಿನಲ್ಲಿ ರೇಡಿಯೊ ಸಿಟಿ ಶುರುವಾದಾಗ ಖಾಸಗಿ ಎಫ್‌ಎಂಗೆ ಹಾಡು, ಹರಟೆಗೆ ಅನುಮತಿ ಸಿಕ್ಕಿತು, ಸುದ್ದಿಗೆ ಸಿಗಲಿಲ್ಲ. ಅದೇ ಊರಿನಲ್ಲಿ ವರ್ಲ್ಡ್‌ಸ್ಪೇಸ್ ಎಂಬ ಉಪಗ್ರಹ ರೇಡಿಯೊದ ಚಂದಾದಾರರು ಪುಟ್ಟ ಆಂಟೆನಾವನ್ನು ಕಿಟಕಿಯಿಂದ ಪೂರ್ವದ ಆಕಾಶಕ್ಕೆ ತಿರುಗಿಸಿಟ್ಟು ಬಿಬಿಸಿ, ಸಿಎನ್‌ಎನ್ ಕೇಳುತ್ತಿದ್ದರು. 'ಸ್ಪರ್ಶ' ಎಂಬ ಕನ್ನಡ ವಾಹಿನಿಯೂ ಅದರಲ್ಲಿತ್ತು. 2009ರ ಕೊನೆಗೆ ಆ ಸೇವೆ ನಿಂತಿತು. ಎಫ್‌ಎಂ ಪರವಾನಗಿಯ ಷರತ್ತು ಅದನ್ನು ಮುಟ್ಟಿರಲೇ ಇಲ್ಲ.

ಮಕ್ಕಳ ಕಿವಿಯನ್ನು ಬೈಗುಳದಿಂದ ಕಾಯಬೇಕು, ಸರಿ. ಸುದ್ದಿಯಿಂದ ಯಾರನ್ನು ಕಾಯುವುದು? ಇಂದಿಗೂ ಖಾಸಗಿ ಎಫ್‌ಎಂ ಆಕಾಶವಾಣಿಯ ವಾರ್ತೆಯನ್ನು ಇದ್ದಂತೆಯೇ ಮರುಪ್ರಸಾರ ಮಾಡಬಹುದು. ಮಳೆ, ಸಂಚಾರ, ಪರೀಕ್ಷೆಯ ಮಾಹಿತಿ ಕೊಡಬಹುದು. ರಸ್ತೆ ಬಂದ್ ಆಗಿದೆ ಎನ್ನಬಹುದು, ಆದರೆ ಅದಕ್ಕೆ ಕಾರಣವಾದ ಪ್ರತಿಭಟನೆಯ ಬಗ್ಗೆ ತನ್ನದೇ ವರದಿಗಾರನಿಂದ ಸುದ್ದಿ ಮಾಡಿಸುವಂತಿಲ್ಲ. ಪತ್ರಿಕೆ, ಟಿವಿ, ಮೊಬೈಲು ಎಲ್ಲಕ್ಕೂ ಇರುವ ಹಕ್ಕು ಬಿಟ್ಟಿಯಾಗಿ ಸಿಗುವ ಈ ಮಾಧ್ಯಮಕ್ಕೊಂದಕ್ಕಿಲ್ಲ. ಡೇಟಾ ಹಾಕಿಸಲು ಲೆಕ್ಕ ಹಾಕುವ ಮನೆಗಳಿಗೆ ಇದರ ನಷ್ಟ ಹೆಚ್ಚು.

ಗಂಟೆಗೆ ಹತ್ತು ನಿಮಿಷ ಸುದ್ದಿಗೆ ಅವಕಾಶ ಕೊಡಿ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2023ರ ಸೆಪ್ಟೆಂಬರಿನಲ್ಲಿ ಶಿಫಾರಸು ಮಾಡಿತು. ಸರ್ಕಾರ ಅದನ್ನು ಒಪ್ಪಬೇಕು. ಮಂಗಳೂರು, ಕಲಬುರಗಿಯಂಥ ಊರುಗಳ ನಿಲಯಗಳು ತಮ್ಮ ಪಾಲಿಕೆಯ ಸಭೆಯನ್ನು ತಾವೇ ವರದಿ ಮಾಡಲು ಅಷ್ಟು ಸಮಯವಾದರೂ ಬೇಕು.