ಕಾರಿಲ್ಲದೆ ಕುನೂರಿಗೆ

ಕೆಲವು ವರ್ಷಗಳ ಹಿಂದೆ, ನ್ಯಾಯಾಲಯಗಳಿಗೆ ಬೇಸಿಗೆ ರಜೆ ಬಂದ ಮೇ ತಿಂಗಳಲ್ಲಿ, ಮೇಚೇರಿಯಿಂದ ನಾವು ಐದು ಮಂದಿ ಕಾರಿನಲ್ಲಿ ಊಟಿಗೆ ಹೊರಟೆವು. ಮೆಟ್ಟುಪಾಳ್ಯ ದಾಟಿ ಘಟ್ಟ ಹತ್ತತೊಡಗಿದ ಮೇಲೆ ವಾಹನಗಳ ಸಾಲು ನಿಂತಲ್ಲೇ ನಿಂತಿತು. ಎಪ್ಪತ್ತು ದಾಟಿದ ನಮ್ಮ ತಾಯಿಯವರಿಗೆ ತಲೆಸುತ್ತು, ವಾಂತಿ. ಇಳಿದು ನಾಲ್ಕು ಹೆಜ್ಜೆ ನಡೆಯೋಣವೆಂದರೆ ರಸ್ತೆಯಂಚಿನಲ್ಲಿ ಜಾಗವಿಲ್ಲ. “ಬೆಟ್ಟ ನೋಡಲು ಬಂದು ಮುಂದಿನ ಕಾರಿನ ಬೆನ್ನು ನೋಡಿದ್ದಾಯಿತಲ್ಲಪ್ಪ” ಎಂದರು. ಅವರ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಆ ದೂರು ನಮ್ಮ ಮನೆಯದು ಮಾತ್ರವಲ್ಲವೆಂಬುದು ಮದ್ರಾಸ್ ಉಚ್ಚ ನ್ಯಾಯಾಲಯದ ಆದೇಶಗಳಿಂದ ತಿಳಿಯುತ್ತದೆ. 2024ರ ಮೇ 7ರಿಂದ ಊಟಿ, ಕೊಡೈಕನಾಲ್‌ಗಳಿಗೆ ಹೋಗುವ ಪ್ರವಾಸಿ ವಾಹನಗಳಿಗೆ ಇ-ಪಾಸ್ ಕಡ್ಡಾಯವಾಯಿತು. 2025ರ ಬೇಸಿಗೆಯಲ್ಲಿ ಊಟಿಗೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ವಾಹನಗಳೆಂಬ ಮಿತಿಯೂ ಬಂದಿತು. ರೈಲಿನಲ್ಲೋ ಸರ್ಕಾರಿ ಬಸ್ಸಿನಲ್ಲೋ ಹೋಗುವವರಿಗೆ ಈ ಪಾಸಿನ ಗೋಜಿಲ್ಲ.

ಕಾರಿಲ್ಲದ ಬೆಟ್ಟವಾಸ ಹೊಸ ಮಾತೇನೂ ಅಲ್ಲ. ಇಟಲಿಯ ಒರ್ವಿಯೆಟೋ ಪಟ್ಟಣ ಬಂಡೆಯ ನೆತ್ತಿಯ ಮೇಲಿದೆ. ಕೆಳಗಿನ ರೈಲು ನಿಲ್ದಾಣದಲ್ಲಿ ಇಳಿದವರು ಹಗ್ಗವೆಳೆಯುವ ಗಾಡಿಯಲ್ಲಿ ಮೇಲೇರಿ, ಊರನ್ನು ನಡೆದೇ ನೋಡುತ್ತಾರೆ. ಮಹಾರಾಷ್ಟ್ರದ ಮಾಥೇರಾನಿನಲ್ಲಿ ಪ್ರವಾಸಿಗಳ ಕಾರುಗಳು ಊರಿನ ಹೊರಗಿನ ದಸ್ತೂರಿಯಲ್ಲೇ ನಿಲ್ಲಬೇಕು. ನಮಗೆ ಅಷ್ಟು ದೂರವೂ ಬೇಡ, ನೀಲಗಿರಿಯಿದೆ. ಮರುವರ್ಷ ತಾಯಿಯವರನ್ನು ನಾವು ಕರೆದೊಯ್ದ ಕ್ರಮವನ್ನೇ ಇಲ್ಲಿ ಹೇಳುತ್ತೇನೆ.

ಮೇಚೇರಿಯಿಂದ ಸಂಜೆಯ ಬಸ್ಸಿನಲ್ಲಿ ಸೇಲಂ ತಲುಪಬೇಕು. ಚೆನ್ನೈಯಿಂದ ಬರುವ ನೀಲಗಿರಿ ಎಕ್ಸ್‌ಪ್ರೆಸ್ ನಡುರಾತ್ರಿ ಕಳೆದ ಮೇಲೆ ಸೇಲಂ ಜಂಕ್ಷನ್ನಿಗೆ ಬರುತ್ತದೆ. ಇಲ್ಲಿ ಎಚ್ಚರ ಬೇಕು: ಶುಕ್ರವಾರ ರಾತ್ರಿ ಮನೆ ಬಿಡುವವರು ಟಿಕೇಟು ಮಾಡಿಸಬೇಕಾದದ್ದು ಶನಿವಾರದ ದಿನಾಂಕಕ್ಕೆ. ಬೆಳಗ್ಗೆ ಮೆಟ್ಟುಪಾಳ್ಯದಲ್ಲಿ ಇಳಿದರೆ ಅದೇ ನಿಲ್ದಾಣದಲ್ಲಿ ಬೆಟ್ಟದ ರೈಲು ಕಾದಿರುತ್ತದೆ. ಅದರ ಆಸನಗಳು ಕೆಲವೇ. ಕೊಠಡಿಗಿಂತ ಮೊದಲು ಅವನ್ನು ಕಾಯ್ದಿರಿಸುವುದು ಲೇಸು. ಮಳೆಗಾಲದಲ್ಲಿ, ವಿಶೇಷವಾಗಿ ಅಕ್ಟೋಬರಿನಿಂದ ಡಿಸೆಂಬರಿನವರೆಗೆ, ಮಣ್ಣು ಕುಸಿದು ಸಂಚಾರ ನಿಲ್ಲುವುದುಂಟು. ಆಗ ಬಸ್ಸೇ ಗತಿ.

ಈ ಹಾದಿ 1899ರಲ್ಲಿ ಕುನೂರಿನವರೆಗೆ ತೆರೆಯಿತು, 1908ರಲ್ಲಿ ಊಟಿ ಮುಟ್ಟಿತು. 2005ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕಲ್ಲಾರಿನಿಂದ ಮೇಲೆ, ಹಳಿಗಳ ನಡುವಣ ಹಲ್ಲುಪಟ್ಟಿಯನ್ನು ಎಂಜಿನ್ನಿನ ಹಲ್ಲುಚಕ್ರ ಕಚ್ಚಿಕೊಂಡು ಏರುತ್ತದೆ. ಕಡಿದಾದೆಡೆ ಹನ್ನೆರಡು ಅಡಿಗೆ ಒಂದು ಅಡಿ ಏರು. ಕುನೂರಿಗೆ ಮೂರು ಗಂಟೆಗೂ ಮಿಕ್ಕು ಹಿಡಿಯುತ್ತದೆ. ತಾಯಿಯವರು ಕಿಟಕಿ ಬಿಡಲಿಲ್ಲ; ತಲೆ ಸುತ್ತಲೂ ಇಲ್ಲ.

ತಂಗಲು ಊಟಿಗಿಂತ ಕುನೂರು ಮೇಲು. ಕೆಳ ಕುನೂರಿನಲ್ಲಿ ರೈಲು ನಿಲ್ದಾಣ, ಬಸ್ ನಿಲ್ದಾಣ, ಸಂತೆಬೀದಿ ಎಲ್ಲವೂ ಹತ್ತಿರ ಹತ್ತಿರ. ಕೊಠಡಿ ಗೊತ್ತುಮಾಡುವಾಗ ಬಾಡಿಗೆಯೊಂದನ್ನೇ ಕೇಳದೆ, ನಿಲ್ದಾಣದಿಂದ ಎಷ್ಟು ದೂರ, ಏರೆಷ್ಟು, ಮೆಟ್ಟಿಲೆಷ್ಟು ಎಂದೂ ಕೇಳಿರಿ. ಒಬ್ಬೊಬ್ಬರಿಗೆ ಒಂದೇ ಕೈಚೀಲ ಸಾಕು. ಮೊಣಕಾಲು ನೋವಿನವರು ಆಟೋ ಹತ್ತಿದರೆ ವ್ರತಭಂಗವೇನೂ ಆಗದು. ಬಾಡಿಗೆಯನ್ನು ಮೊದಲೇ ಮಾತಾಡಿಕೊಂಡರಾಯಿತು.

ಮೊದಲ ದಿನ ಸಂಜೆ 1874ರಲ್ಲಿ ಸ್ಥಾಪನೆಯಾದ ಸಿಮ್ಸ್ ಪಾರ್ಕು. ಎರಡನೆಯ ದಿನ ಡೀಸೆಲ್ ಎಂಜಿನ್ನಿನ ರೈಲಿನಲ್ಲಿ ಊಟಿಗೆ ಹೋಗಿ, ಸಸ್ಯೋದ್ಯಾನ ನೋಡಿ, ಸಂಜೆಗೆ ಮರಳುವುದು. ಮೂರನೆಯ ದಿನ ಚಹಾ ತೋಟಗಳ ನಡುವೆ ಬಸ್ಸಿನಲ್ಲಿ ಕೋಟಗಿರಿಗೆ. ಇದಕ್ಕಿಂತ ಹೆಚ್ಚಿನದನ್ನು ತುರುಕಬೇಡಿ.

ಕೋಟಗಿರಿಯ ಬಸ್ಸಿನಲ್ಲಿ ತಾಯಿಯವರ ಪಕ್ಕ ಬಿಳಿ ಬಟ್ಟೆಯುಟ್ಟ ಬಡಗ ಅಜ್ಜಿಯೊಬ್ಬರು ಕುಳಿತರು. ಬಡಗ ನುಡಿ ನಮ್ಮ ಕನ್ನಡಕ್ಕೆ ಒಡಹುಟ್ಟಿದಂಥದು. ಮನೆಯೊಳಗೆ ಮಾತ್ರ ಕನ್ನಡವಾಡಿ ಬಾಳಿದ ನಮ್ಮ ತಾಯಿ ತಮಿಳನ್ನು ಬಿಟ್ಟು ಕನ್ನಡದಲ್ಲೇ ಕೇಳಿದರು, ಅಜ್ಜಿ ತಮ್ಮ ನುಡಿಯಲ್ಲೇ ಉತ್ತರಿಸಿದರು. ಅರ್ಧ ತಿಳಿಯಿತು, ಉಳಿದರ್ಧಕ್ಕೆ ಇಬ್ಬರೂ ನಕ್ಕರು. ಕಾರಿನ ಗಾಜು ಏರಿಸಿ ಹೋಗಿದ್ದರೆ ಆ ಮಾತು ನಮಗೆಲ್ಲಿ ದಕ್ಕುತ್ತಿತ್ತು?

ಊರಿಗೆ ಮರಳಿದ ಮೇಲೆ ತಾಯಿಯವರು ನೆರೆಯವರಿಗೆ ಹೇಳಿದ್ದು ಉದ್ಯಾನದ ಹೂಗಳ ಸಂಗತಿಯನ್ನಲ್ಲ, ಆ ಅಜ್ಜಿಯ ಸಂಗತಿಯನ್ನು.