ಕಬ್ಬಿನ ಸೀಮೆಯ ಅಪರೂಪದ ಇಂಗ್ಲಿಷ್ ಪದಗಳು

ಅಪರೂಪದ ಇಂಗ್ಲಿಷ್ ಪದಗಳು ಸ್ಪರ್ಧಾತ್ಮಕ ಪರೀಕ್ಷೆಗಳ ಕೈಪಿಡಿಯಲ್ಲಷ್ಟೇ ಇರುತ್ತವೆ ಎಂಬ ಭಾವನೆ ಸಾಮಾನ್ಯವಾಗಿದ್ದರೂ ಮುಧೋಳ ಸೀಮೆಯ ತಿಮ್ಮಾಪುರದಲ್ಲಿ ಅದು ನಿಲ್ಲುವ ಮಾತಲ್ಲ. ಕವಿ ರನ್ನನ ಹೆಸರಿನ ರನ್ನನಗರದಲ್ಲಿ ರೈತರ ಸಹಕಾರಿ ಸಕ್ಕರೆ ಕಾರ್ಖಾನೆ ಸ್ಥಾಪನೆಯಾದ ಈ ಭಾಗದಲ್ಲಿ, ಕಬ್ಬಿನ ಜೊತೆಗೇ ಮೊಲ್ಯಾಸಿಸ್, ಬಗ್ಯಾಸ್, ರಟೂನ್, ಮ್ಯಾಸ್‌ಕ್ವೀಟ್, ಬ್ರಿಕ್ಸ್ ಮುಂತಾದ ಪದಗಳೂ ಬಂದಿದ್ದು, ಇಂಗ್ಲಿಷ್ ಪದವೀಧರರಲ್ಲಿ ಅನೇಕರಿಗೆ ಇವುಗಳ ಅರ್ಥ ಹೊಳೆಯಲಾರದು.

ಇವುಗಳಲ್ಲಿ ಮೊದಲ ಮೂರಕ್ಕೆ ಕಾಕಂಬಿ, ಕಬ್ಬಿನ ಸಿಪ್ಪೆ, ಕುಳೆ ಕಬ್ಬು ಎಂಬ ಕನ್ನಡ ಮಾತುಗಳಿವೆ. ಮ್ಯಾಸ್‌ಕ್ವೀಟ್ ಎಂದರೆ ರಸವನ್ನು ಕುದಿಸಿ ಗಟ್ಟಿ ಮಾಡಿದಾಗ ಸಕ್ಕರೆಯ ಹರಳು ಮತ್ತು ಪಾಕ ಕೂಡಿಯೇ ಇರುವ ಮಂದ ಮಿಶ್ರಣ. ಫ್ರೆಂಚಿನಲ್ಲಿ ಇದಕ್ಕೆ ಬೇಯಿಸಿದ ಮುದ್ದೆ ಎಂದಷ್ಟೇ ಅರ್ಥ. ಬಗ್ಯಾಸ್ ಸ್ಪ್ಯಾನಿಷ್ ಮೂಲದಿಂದ ಫ್ರೆಂಚಿನ ಮೂಲಕ ಬಂದಿದೆ, ರಟೂನ್ ಚಿಗುರು ಎಂಬರ್ಥದ ಸ್ಪ್ಯಾನಿಷ್ ಪದದಿಂದ ಹುಟ್ಟಿದೆ, ಮೊಲ್ಯಾಸಿಸ್‌ನ ಮೂಲವಾದ ಪೋರ್ಚುಗೀಸ್ ಪದದ ಹಿಂದೆ ಜೇನುತುಪ್ಪವನ್ನು ಸೂಚಿಸುವ ಲ್ಯಾಟಿನ್ ಪದವಿದೆ. ಬ್ರಿಕ್ಸ್ ಮಾತ್ರ ವ್ಯಕ್ತಿಯ ಹೆಸರು: 19ನೆಯ ಶತಮಾನದ ಜರ್ಮನ್ ವಿಜ್ಞಾನಿ ಅಡೋಲ್ಫ್ ಬ್ರಿಕ್ಸ್ ಹೆಸರಿನ ಈ ಮಾಪನದಲ್ಲಿ ನೂರು ಗ್ರಾಂ ದ್ರಾವಣದಲ್ಲಿ ಹದಿನೆಂಟು ಗ್ರಾಂ ಸಕ್ಕರೆಯಿದ್ದರೆ ಅದು 18 ಡಿಗ್ರಿ. ಅಮೆರಿಕ ಖಂಡದ ಅನೇಕ ಕಬ್ಬಿನ ತೋಟಗಳು ಸ್ಪೇನ್, ಪೋರ್ಚುಗಲ್, ಫ್ರಾನ್ಸ್‌ಗಳ ವಸಾಹತುಗಳಲ್ಲಿ ಬೆಳೆದುದರಿಂದ ಈ ಉದ್ಯಮದ ಹಲವು ಪದಗಳು ಇಂಗ್ಲಿಷಿಗೂ ಹೊರಗಿನಿಂದಲೇ ಬಂದವು. ಆದ್ದರಿಂದ ಶಾಲೆಯಲ್ಲಿ ಕಲಿತ ಕಾಗುಣಿತದ ನಿಯಮಗಳನ್ನು ನಂಬಿ ಇವನ್ನು ಓದಹೊರಟರೆ ಬಗ್ಯಾಸ್ ಎಂಬುದು ಬಗಾಸ್ಸೆ ಆಗಿಬಿಡುತ್ತದೆ.

ಉಚ್ಚಾರಣೆಯ ನಿಜವಾದ ತೊಡಕಿರುವುದು ಒತ್ತಿನಲ್ಲಿ, ಅಂದರೆ ಪದದ ಒಂದು ಭಾಗವನ್ನು ಮಿಕ್ಕವುಗಳಿಗಿಂತ ಬಲವಾಗಿ ನುಡಿಯುವುದರಲ್ಲಿ. ಮೊಲ್ಯಾಸಿಸ್, ಬಗ್ಯಾಸ್, ರಟೂನ್ ಮೂರರಲ್ಲಿಯೂ ಒತ್ತು ಎರಡನೆಯ ಭಾಗದ ಮೇಲೆ ಬೀಳುತ್ತದೆ, ಮೊದಲ ಸ್ವರ ಸವೆದು ಷ್ವಾ ಎಂದು ಕರೆಯಲಾಗುವ, ಕನ್ನಡದಲ್ಲಿ ಪ್ರತ್ಯೇಕ ಅಕ್ಷರವಿಲ್ಲದ ಮಸುಕು ದನಿಯಾಗುತ್ತದೆ. ಪದದ ಮೊದಲ ಅಕ್ಷರವನ್ನು ಸ್ಪಷ್ಟವಾಗಿ ನುಡಿಯುವ ಕನ್ನಡಿಗರಿಗೆ ಇದು ಕಷ್ಟವೆಂದು ಹೇಳಲಾಗುತ್ತದೆಯಾದರೂ, ಮಾಡುತ್ತಾನೆ ಎಂಬುದನ್ನು ಮಾಡತಾನ ಎಂದು ನಡುವಿನ ಸ್ವರವನ್ನು ಸವೆಸಿ ನುಡಿಯುವ ಉತ್ತರ ಕರ್ನಾಟಕದ ನಾಲಿಗೆಗೆ ಸ್ವರ ಸವೆಯುವುದು ಹೊಸತೇನಲ್ಲ.

ಇಂಗ್ಲಿಷ್–ಕನ್ನಡ ನಿಘಂಟುಗಳ ಪರಂಪರೆ ವಿಲಿಯಂ ರೀವ್ 1824ರಲ್ಲಿ ಮದ್ರಾಸಿನಲ್ಲಿ ಪ್ರಕಟಿಸಿದ ಕೋಶದಷ್ಟು ಹಳೆಯದು. ಆದರೆ ಉಚ್ಚಾರಣೆಗೆ ಕನ್ನಡ ಲಿಪಿಯೊಂದನ್ನೇ ನೆಚ್ಚಿದರೆ ಒತ್ತಿನ ಜಾಗ ತಿಳಿಯುವುದಿಲ್ಲ. 1886ರಲ್ಲಿ ಪ್ಯಾರಿಸ್ಸಿನಲ್ಲಿ ಆರಂಭವಾದ ಧ್ವನಿಶಾಸ್ತ್ರ ಸಂಘವು ರೂಪಿಸಿದ ಅಂತರರಾಷ್ಟ್ರೀಯ ಧ್ವನಿಲಿಪಿಯಲ್ಲಿ ಒತ್ತು ಬೀಳುವ ಭಾಗಕ್ಕೆ ಮೊದಲು ಮೇಲುಗಡೆ ಒಂದು ಚಿಕ್ಕ ಗೆರೆ ಇರುತ್ತದೆ, ತಲೆಕೆಳಗಾದ ಇಂಗ್ಲಿಷಿನ e ಅಕ್ಷರ ಷ್ವಾವನ್ನು ತೋರಿಸುತ್ತದೆ. ಈ ಎರಡು ಗುರುತುಗಳನ್ನು ಓದಲು ಬಂದರೂ ಬಹಳಷ್ಟು ಪದಗಳ ಉಚ್ಚಾರಣೆ ತಿಳಿಯಾಗುತ್ತದೆ.

ಒತ್ತಿನಂತೆ ಅಕ್ಷರಗಳ ಕ್ರಮವೂ ಎಡವಿಸುವುದುಂಟು. ಕೇಂದ್ರ ಸರ್ಕಾರ ಕಬ್ಬಿಗೆ ನಿಗದಿಪಡಿಸುವ ದರದ ಹೆಸರಾದ ಫೇರ್ ಆ್ಯಂಡ್ ರೆಮ್ಯುನರೇಟಿವ್ ಪ್ರೈಸ್, ಅಂದರೆ ಎಫ್‌ಆರ್‌ಪಿಯಲ್ಲಿ ಬರುವ ರೆಮ್ಯುನರೇಟಿವ್ ಎಂಬ ಪದವನ್ನು, ಸಂಖ್ಯೆಯ ಅರ್ಥದ ನಂಬರ್ ಪದದ ನೆನಪಿನಿಂದಲೋ ಏನೋ, ಇಂಗ್ಲಿಷ್ ಮಾತೃಭಾಷೆಯವರೂ ರೆನ್ಯುಮರೇಟಿವ್ ಎಂದು ತಿರುಗಿಸಿ ಹೇಳುವುದುಂಟು. ಕೊಡುಗೆ ಎಂಬರ್ಥದ ಮುನುಸ್ ಎಂಬ ಲ್ಯಾಟಿನ್ ಪದ ರೆಮ್ಯುನರೇಟಿವ್ ಎಂಬುದರ ಮೂಲವೆಂದು ತಿಳಿದರೆ, ಪ್ರತಿಫಲ ನೀಡುವಂಥದು ಎಂಬ ಅರ್ಥವೂ ಮಕಾರ ಮೊದಲು, ನಕಾರ ಆಮೇಲೆ ಎಂಬ ಕ್ರಮವೂ ಒಟ್ಟಿಗೇ ನಿಲ್ಲುತ್ತವೆ.

ಪರಿಚಿತವೆಂದು ತೋರುವ ಪದ ಕೆಲವೊಮ್ಮೆ ಅಪರೂಪದ ಪದಕ್ಕಿಂತ ಹೆಚ್ಚು ದಾರಿ ತಪ್ಪಿಸುತ್ತದೆ. ರಿಕವರಿ ಎಂದರೆ ಬ್ಯಾಂಕಿನಲ್ಲಿ ಸಾಲ ವಸೂಲಿ, ಆಸ್ಪತ್ರೆಯಲ್ಲಿ ಚೇತರಿಕೆ, ಸಕ್ಕರೆ ಕಾರ್ಖಾನೆಯಲ್ಲಿ ಅರೆದ ಕಬ್ಬಿನಿಂದ ಕೈಗೆ ಬರುವ ಸಕ್ಕರೆಯ ಶೇಕಡಾ ಪ್ರಮಾಣ. ಪತ್ರಿಕೆಗಳು ಇದನ್ನು ಇಳುವರಿ ಎಂದು ಬರೆಯುವುದರಿಂದ ಎಕರೆಗೆ ಬೆಳೆದ ಕಬ್ಬಿನ ಇಳುವರಿಯೊಂದಿಗೆ ಅದು ಕಲಸಿಹೋಗುತ್ತದೆ. 2024–25ರ ಹಂಗಾಮಿಗೆ ಕ್ವಿಂಟಲ್‌ಗೆ 340 ರೂಪಾಯಿಯ ಎಫ್‌ಆರ್‌ಪಿ ನಿಗದಿಯಾದದ್ದು ಶೇ. 10.25ರ ರಿಕವರಿಗೆ, ಅಂದರೆ ನೂರು ಕಿಲೋ ಕಬ್ಬಿಗೆ ಹತ್ತೂಕಾಲು ಕಿಲೋ ಸಕ್ಕರೆ ಎಂಬ ಲೆಕ್ಕಕ್ಕೆ.