ಅಂಗಳದ ಗೇಟು, ಒಳಮನೆಯ ಚಿಲಕ

ಬೆಳಗಾವಿಯಲ್ಲಾಗಲಿ, ಖಾನಾಪುರದಲ್ಲಾಗಲಿ, ಅಂಗಳದ ಗೇಟು ಹಾಕಿದೆನೆಂದು ಒಳಚಿಲಕ ಹಾಕದೆ ಮಲಗುವ ಗೃಹಿಣಿ ಇದ್ದಾಳೆಯೇ? ಮೊಬೈಲಿಗೂ ಎರಡು ಕಾವಲು ಬೇಕು. ಮನೆಯ ವೈಫೈಗೆ ಗಟ್ಟಿ ಪಾಸ್‌ವರ್ಡ್ ಇಡುವುದು ನೆಟ್‌ವರ್ಕಿನ ಭದ್ರತೆ. ಅದು ಅಂಗಳದ ಗೇಟು. ಫೋನನ್ನು ನಡೆಸುವ ಆಪರೇಟಿಂಗ್ ಸಿಸ್ಟಂನ ಭದ್ರತೆ ಒಳಚಿಲಕ. ‘ಅಪ್‌ಡೇಟ್’ ಬಂದಾಗ “ಆಮ್ಯಾಲ ನೋಡೂಣು” ಅನ್ನಬೇಡಿ. ಸಡಿಲಾದ ಚಿಲಕ ಬಿಗಿಯಾಗುವುದು ಅದರಿಂದಲೇ. ಮದುವೆ ಕರೆಯೋಲೆಯೆಂದು ವಾಟ್ಸಾಪಿಗೆ ಬಂದ ಎಪಿಕೆ ಫೈಲನ್ನು ಹಾಕಿಕೊಂಡರೆ, ಗೇಟಿದ್ದರೂ ಕಳ್ಳ ಒಳಗೇ!

ಹೆದರಿಸಿ ನಮ್ಮ ಕೈಯಿಂದಲೇ ಕದ ತೆಗೆಸಿದರೆ? 2025ರ ಮಾರ್ಚಿನಲ್ಲಿ ಖಾನಾಪುರ ತಾಲ್ಲೂಕಿನ ವೃದ್ಧ ದಂಪತಿ ‘ಡಿಜಿಟಲ್ ಅರೆಸ್ಟ್’ ಬೆದರಿಕೆಯಿಂದ ಹಣವನ್ನಷ್ಟೇ ಅಲ್ಲ, ಪ್ರಾಣವನ್ನೂ ಕಳೆದುಕೊಂಡರು. ಫೋನಿನಲ್ಲಿ ಬಂಧಿಸುವ ಕಾನೂನೇ ಇಲ್ಲ, ನೋಡ್ರಿ. ಕರೆ ಕತ್ತರಿಸಿ, ನಾಚದೆ ಮನೆಯವರಿಗೆ ಹೇಳಿ, ಕೂಡಲೇ 1930ಕ್ಕೆ ಫೋನ್ ಮಾಡಿ.